ಸಮಾಳ ನಿಂತ ಮೇಲೂ ಕುಣಿದ ಕಾಲು

ಕಿವಿ ಕೇಳದವರ ಜೊತೆ ಜನ ಎರಡು ರೀತಿ ನಡೆದುಕೊಳ್ಳುತ್ತಾರೆ. ಕೆಲವರು ಕಿರುಚುತ್ತಾರೆ, ಉಳಿದವರು ಏನೂ ಹೇಳದೆ ನಕ್ಕು ಮುಂದೆ ಹೋಗುತ್ತಾರೆ. ಕಿರುಚುವವರನ್ನು ಹೇಗೋ ಸಹಿಸಿಕೊಂಡೆ. ನಕ್ಕು ಹೋಗುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಏನೋ ಹೇಳಲು ಬಾಯಿ ತೆರೆದಿದ್ದೆಯಲ್ಲ, ಅದನ್ನು ಹೇಳಿಯೇ ಹೋಗು ಎಂದು ಸಂತೆಯಲ್ಲಿ ಒಬ್ಬಳನ್ನು ಅಡ್ಡ ಹಾಕಿ ನಿಲ್ಲಿಸಿದ್ದೂ ಇದೆ. ಪಾಪ, ಅವಳು ಹೆದರಿಕೊಂಡು ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನೇ ನನಗೆ ಕೊಟ್ಟು ಹೋದಳು.

ನಾನು ವೀರಗಾಸೆ ಕುಣಿಯುವವಳು. ಕೊಟ್ಟೂರಿನಲ್ಲಿ ನಮ್ಮದೊಂದು ಹೆಂಗಸರ ಮೇಳ ಇದೆ. ನಮ್ಮ ಯಜಮಾನರು ಸಮಾಳ ಬಾರಿಸುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡು ಕೋಲಿನಿಂದ ಬಾರಿಸುವ ಜೋಡಿ ವಾದ್ಯ ಅದು. ಒಂದು ಬದಿ ದಪ್ಪ ದನಿ, ಇನ್ನೊಂದು ಬದಿ ಚುರುಕು ದನಿ. ಹೆಂಗಸರು ಪುರವಂತರ, ಅಂದರೆ ವೀರಭದ್ರನ ಕುಣಿತದವರ, ವೇಷ ಹಾಕುವುದು ಸರಿಯಲ್ಲ ಎಂದು ಮೊದಮೊದಲು ಮೂಗು ಮುರಿದವರೇ ಆಮೇಲೆ ತಮ್ಮ ಮನೆಯ ಗುಗ್ಗಳಕ್ಕೆ ನಮ್ಮನ್ನು ಕರೆಯತೊಡಗಿದರು. ಮದುವೆಗೆ ಮುಂಚೆ ವೀರಭದ್ರನ ಹೆಸರಿನಲ್ಲಿ ಕೆಂಡದ ಕೊಡ ಹೊತ್ತು ಗುಡಿಯವರೆಗೆ ಮೆರವಣಿಗೆ ಹೋಗುವುದಕ್ಕೆ ಗುಗ್ಗಳ ಎನ್ನುತ್ತಾರೆ. ಆ ಕೊಡದ ಮುಂದೆ ನಾವು ಕುಣಿಯಬೇಕು.

ಈ ಕುಣಿತಕ್ಕೊಂದು ನೇಮ ಇದೆ. ಓಣಿ ಓಣಿ ಕೂಡುವಲ್ಲಿ ನಿಂತು ಹಿರಿಯರೊಬ್ಬರು ಒಡಪು ಹೇಳುತ್ತಾರೆ. ದಕ್ಷನ ಯಜ್ಞವನ್ನು ವೀರಭದ್ರ ಹೇಗೆ ಕೆಡಿಸಿದ ಎಂಬುದನ್ನು ಗಂಟಲು ಏರಿಸಿ ಒಂದೇ ಉಸಿರಿಗೆ ಹೇಳುವ ಮಾತುಗಳು ಅವು. ಒಡಪು ಶುರುವಾದ ಕೂಡಲೇ ಸಮಾಳ ನಿಲ್ಲಬೇಕು, ಕಾಲೂ ನಿಲ್ಲಬೇಕು. ಮುಗಿದ ಮೇಲೆ ಸಮಾಳ ಎದ್ದರೆ ಮತ್ತೆ ಕುಣಿತ. ವಾದ್ಯ ಸುಮ್ಮನಿರುವಾಗ, ಒಡಪಿನ ನಡುವೆಯೇ ಯಾರಾದರೂ ಕುಣಿದರೆ ಅವರ ಮೈಮೇಲೆ ದೇವರು ಬಂದಿದ್ದಾನೆ ಎಂದು ನಮ್ಮ ಕಡೆ ತಿಳಿಯುತ್ತಾರೆ. ಅದಕ್ಕೆ ಎರಡನೆಯ ಮಾತಿಲ್ಲ.

ನನ್ನ ಎಡಗಿವಿ ಮೊದಲು ಹೋಯಿತು, ಹಿಂದೆಯೇ ಬಲಗಿವಿ. ದಾವಣಗೆರೆಯ ಡಾಕ್ಟರು ಯಂತ್ರದಲ್ಲಿ ನೋಡಿ, ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು: ನರಗಳು ಸತ್ತಿವೆ, ಮತ್ತೆ ಬರುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಕೊಟ್ಟರು. ಅದನ್ನು ಹಾಕಿಕೊಂಡು ಸಮಾಳದ ಮುಂದೆ ನಿಂತರೆ ತಗಡಿನ ಮೇಲೆ ಜಲ್ಲಿ ಸುರಿದಂತಾಗುತ್ತಿತ್ತು. ಕಿತ್ತು ಡಬ್ಬಿಯೊಳಗೆ ಹಾಕಿದೆ. ನಮ್ಮವರು ಮಾತ್ರ ಡಾಕ್ಟರ ಮಾತನ್ನು ನಂಬಲಿಲ್ಲ. "ಅವರಿಗೇನ್ ಗೊತ್ತಲೇ, ಬರ್ತಾವ ಸುಮ್ನಿರು" ಎನ್ನುವರು. ಎಲ್ಲೆಲ್ಲಿಂದಲೋ ಎಣ್ಣೆ ತಂದು ಬಿಸಿ ಮಾಡಿ ಹಾಕಿದರು, ಉಜ್ಜಿನಿಗೆ ಹೋಗಿ ಹರಕೆ ಹೊತ್ತು ಬಂದರು. ಅವರು ಹೇಳುವುದನ್ನು ಅಷ್ಟರಲ್ಲಿ ತುಟಿ ನೋಡಿ ತಿಳಿಯುವುದನ್ನು ಕಲಿತಿದ್ದೆ. ಬೇರೆಯವರದು ಅರ್ಧಂಬರ್ಧ, ಅವರದನ್ನು ಮಾತ್ರ ತಪ್ಪಿಲ್ಲದೆ ಓದುತ್ತೇನೆ.

ಕಿವಿ ಹೋದರೆ ಹೋಗಲಿ, ಮಾತು ಕೇಳಿ ಕಡಿದು ಕಟ್ಟೆ ಹಾಕುವುದು ಏನಿತ್ತು? ಆದರೆ ಕುಣಿತ ಹೋದರೆ ನಾನು ಯಾತಕ್ಕಿರಬೇಕು? ಒಲೆಯ ಮುಂದೆ ಕೂತು ಎಷ್ಟು ಸಲ ಅತ್ತಿದ್ದೇನೋ ನನಗೇ ತಿಳಿಯದು. ಮೇಳದ ಹೆಂಗಸರ ಕಾಲು ನೋಡಿಕೊಂಡು ಕುಣಿಯಲು ಹೋದೆ. ಅವರಿಗಿಂತ ಒಂದು ಗಳಿಗೆ ಹಿಂದೆ ಬೀಳುತ್ತಿದ್ದೆ. ಯಜಮಾನರ ಕೈ ನೋಡಿಕೊಂಡು ಕುಣಿಯೋಣವೆಂದರೆ ವೀರಗಾಸೆಯಲ್ಲಿ ತಿರುಗದೆ ಕುಣಿಯುವುದು ಹೇಗೆ? ಬೆನ್ನು ತಿರುಗಿಸಿದ ಕೂಡಲೇ ನನಗೆ ಲೋಕವೇ ಇಲ್ಲ. ಮೇಳದವರು ಮುಖದ ಮೇಲೆ ಏನೂ ಅನ್ನಲಿಲ್ಲ. ಮೆಲ್ಲಗೆ ನನ್ನನ್ನು ಮುಂದಿನ ಸಾಲಿನಿಂದ ಕೊನೆಗೆ ಸರಿಸಿದರು.

ಅಕ್ಕನ ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ರಜೆಗೆ ಬಂದವಳು, ನಾನು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಿತ್ತಲ ಗೋಡೆಯ ಕಡೆ ಮುಖ ಮಾಡಿ ಒಬ್ಬಳೇ ತಪ್ಪು ತಪ್ಪು ಕುಣಿಯುವುದನ್ನು ನೋಡಿದಳು. ಮುಂದಿನ ಸಲ ಬರುವಾಗ ಒಂದು ಚೀಲ ತಂದಳು. ಸಮಾಳದ ಎರಡೂ ಬದಿಯಲ್ಲಿ ಚರ್ಮದ ಅಂಚಿಗೆ ಬಿಲ್ಲೆಯಂಥ ಸೆನ್ಸರ್ ಅಂಟಿಸಿದಳು. ಚರ್ಮ ಅದುರಿದರೆ ಅದಕ್ಕೆ ಗೊತ್ತಾಗುತ್ತದೆ. ನನ್ನ ಎರಡೂ ಕಾಲಿಗೆ, ಗೆಜ್ಜೆಯ ಕೆಳಗೆ, ಬೆಂಕಿಪೊಟ್ಟಣದಷ್ಟು ಡಬ್ಬಿ ಕಟ್ಟಿದಳು. ಮೊಬೈಲು ಗುರ್ ಎಂದು ನಡುಗುತ್ತದಲ್ಲ, ಅಂಥದೇ ಸಣ್ಣ ಮೋಟರು ಅದರಲ್ಲಿ. ದಪ್ಪ ದನಿ ಬಲಗಾಲಿಗೆ, ಚುರುಕು ದನಿ ಎಡಗಾಲಿಗೆ. ನಡುವೆ ವೈರು ಇಲ್ಲ. ಮೊಬೈಲಿನಲ್ಲಿ ಬರೆದು ತೋರಿಸಿದಳು: 'ಚಿಗವ್ವ, ಕಣ್ ಮುಚ್ಕೊ. ಕಾಕಾ ಬಾರಿಸ್ತಾರ.'

ಕಣ್ಣು ಮುಚ್ಚಿದೆ. ಸಮಾಳ ನನ್ನ ಕಾಲೊಳಗೆ ಬಂತು. ಹೀಗೆ ಹೇಳಿದರೆ ಎಷ್ಟು ಜನಕ್ಕೆ ತಿಳಿಯುತ್ತದೋ ಗೊತ್ತಿಲ್ಲ. ಆ ಕೈ ನನ್ನ ಗಂಡನದೇ ಎಂದು ಕಾಲಿಗೆ ಗುರುತು ಸಿಕ್ಕಿತು. ಮೂರನೆಯ ಪೆಟ್ಟನ್ನು ಅವರು ಕೊಂಚ ಎಳೆದು ಬಿಡುತ್ತಾರೆ, ಮೊದಲಿನಿಂದಲೂ ಹಾಗೆಯೇ. ಅದೇ ಎಳೆತ ನನ್ನ ಬಲಗಾಲಿನ ಮೂಳೆಯಲ್ಲಿ ಸಿಕ್ಕಿತು. ನಾನು ಕುಣಿಯಲೇ ಇಲ್ಲ, ನಿಂತಲ್ಲೇ ಹುಚ್ಚಿಯ ಹಾಗೆ ಅತ್ತೆ.

ಆಮೇಲೆ ಜಗಳ ಶುರುವಾಯಿತು. ಪೆಟ್ಟು ಬಿದ್ದು, ಅದು ಡಬ್ಬಿಗೆ ಬಂದು, ಡಬ್ಬಿ ಕಾಲಿಗೆ ಹೇಳುವಷ್ಟರಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾಗುತ್ತಿತ್ತು. "ಹಿಂದಿಂದ ಓಡಿ ಬರ್ತೀಯಲ್ಲಲೇ, ಬಸ್ ತಪ್ಪಿದೋರಂಗ" ಎಂದು ಯಜಮಾನರು ಬೈದರು. "ನಿಮ್ಮ ಕೈಯೇ ಓಡ್ತೈತ್ರಿ, ನನ್ನ ಕಾಲಿಗೇನ್ ಅಂತೀರಿ" ಎಂದು ನಾನೂ ಬಿಡಲಿಲ್ಲ. ಹುಡುಗಿ ನಡುವೆ ಲ್ಯಾಪ್‌ಟಾಪ್ ಹಿಡಿದು ಕೂತು ಏನೇನೋ ಬದಲಾಯಿಸಿ ತಡವನ್ನು ಕಡಿಮೆ ಮಾಡಿದಳು. ಉಳಿದ ಚೂರನ್ನು ನಾನೇ ಮೊದಲೇ ಕಾಲೆತ್ತಿ ಸರಿಮಾಡಿಕೊಂಡೆ. ದಿನಾ ಬೆಳಿಗ್ಗೆ ಬೈಗುಳ, ದಿನಾ ಕುಣಿತ. ಅಷ್ಟು ಸುಖವಾಗಿ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಅವಳ ಕಾಲೇಜಿನಲ್ಲಿ ಇದನ್ನು ತೋರಿಸಲು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ವೇದಿಕೆಯ ಹಿಂದೆ ದೊಡ್ಡ ಪರದೆ ಕಟ್ಟಿದ್ದರು. ನನ್ನ ಕಾಲು ನೆಲಕ್ಕೆ ಬಿದ್ದಾಗಲೆಲ್ಲ ಪರದೆಯ ಮೇಲೆ ಕೆಂಪು ಗೆರೆಗಳು ಎದ್ದು ಹರಡುವಂತೆ ಹುಡುಗಿ ಮಾಡಿದ್ದಳು. ಎದೆಗೆ ವೀರಭದ್ರನ ಹಲಗೆ, ಕೈಯಲ್ಲಿ ಕತ್ತಿ, ಮೈತುಂಬ ರುದ್ರಾಕ್ಷಿ. ಒಂದು ತಪ್ಪು ಹೆಜ್ಜೆ ಇಲ್ಲದೆ ಕುಣಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ವೇದಿಕೆಗೆ ಬಂದವರು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಡಬ್ಬಿ ತಿರುಗಿಸಿ ನೋಡಿದರು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೆವರಿಗೆ ಕೆಡುವುದಿಲ್ಲವೇ, ಇವೇ ಪ್ರಶ್ನೆಗಳಂತೆ. ಹೆಜ್ಜೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬಂತು. ಆದರೂ ಮರಳಿ ಬರುವಾಗ ಬಸ್ಸಿನಲ್ಲಿ, ಹೋಗಲಿ ಬಿಡು, ಮುಂದಿನ ಸಾಲು ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಿಕ್ಕಿತು ಕೂಡ. ಉಜ್ಜಿನಿ ದಾಟಿ ಒಂದು ಹಳ್ಳಿಯಲ್ಲಿ ಗುಗ್ಗಳವಿತ್ತು. ಮೇಳದವರು ನನ್ನನ್ನು ಮುಂದೆ ನಿಲ್ಲಿಸಿದರು. ಹುಡುಗಿಯೂ ಜೊತೆಗೆ ಬಂದಿದ್ದಳು. ಹೊರಡುವ ಮುಂಚೆ ನಾನೇ ಅವಳಿಗೆ, ಬೀದಿಯಲ್ಲಿ ಗೆಜ್ಜೆಯ ಭಾರಕ್ಕೆ ಡಬ್ಬಿಯ ನಡುಕ ತಿಳಿಯುವುದಿಲ್ಲ, ಸ್ವಲ್ಪ ಜೋರು ಮಾಡು ಎಂದಿದ್ದೆ. ಸೆನ್ಸರು ಸಣ್ಣ ನಡುಕವನ್ನೂ ಹಿಡಿಯುವ ಹಾಗೆ ಅವಳು ಏರಿಸಿದ್ದಳು.

ನಮಗೆ ತಿಳಿಯದ ಇನ್ನೊಂದು ಸಂಗತಿ ಅಲ್ಲಿತ್ತು. ಮದುಮಗನ ಗೆಳೆಯರು ಟ್ರ್ಯಾಕ್ಟರಿನಲ್ಲಿ ಡಿಜೆ ಹೇರಿಕೊಂಡು ಬಂದಿದ್ದರು. ಗುಗ್ಗಳ ಮುಗಿಯುವವರೆಗೆ ಬೇಡ ಎಂದು ಹಿರಿಯರು ಗದರಿಸಿದ್ದಕ್ಕೆ ಅದನ್ನು ಗುಡಿಯ ಹಿಂದೆ, ಇನ್ನೊಂದು ಓಣಿಯಲ್ಲಿ ನಿಲ್ಲಿಸಿದ್ದರಂತೆ. ಅಲ್ಲಿ ಸುಮ್ಮನಿರಲಾರದೆ, ಹಾಡಿಲ್ಲದೆ ಬರೀ ದಪ್ಪ ಪೆಟ್ಟನ್ನು ಹಾಕಿ ಬಾಕ್ಸುಗಳನ್ನು ಪರೀಕ್ಷೆ ಮಾಡತೊಡಗಿದ್ದರು. ಕಿವಿ ಇದ್ದವರಿಗೆ ಅದು ದೂರದ ಗದ್ದಲ. ಮದುವೆ ಊರಿನಲ್ಲಿ ಇಂಥದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಗುಡಿಯ ಹತ್ತಿರ ಓಣಿ ಕೂಡುವಲ್ಲಿ ಮೆರವಣಿಗೆ ನಿಂತಿತು. ಆ ಊರಿನ ಹಿರಿಯ ಪುರವಂತರು ಒಡಪು ಹೇಳಲು ಕೈ ಎತ್ತಿದರು. ನಮ್ಮವರು ಸಮಾಳ ನಿಲ್ಲಿಸಿದರು. ಕೆಂಡದ ಕೊಡದ ಕಡೆ ಮುಖ ಮಾಡಿದ್ದ ನನಗೆ ಇದಾವುದೂ ಕಾಣುತ್ತಿರಲಿಲ್ಲ. ಹೊಗೆ ಬೇರೆ ಕಣ್ಣಿಗೆ ಬಡಿಯುತ್ತಿತ್ತು. ನನ್ನ ಬಲಗಾಲು ಇನ್ನೂ ಬಾರಿಸುತ್ತಲೇ ಇತ್ತು. ಗುಡಿಯ ಹಿಂದಿನ ಆ ಪೆಟ್ಟಿಗೆ ಸಮಾಳದ ಚರ್ಮ ತಾನೇ ಅದುರುತ್ತಿತ್ತು, ಸೆನ್ಸರು ಅದನ್ನೇ ನನಗೆ ಕಳಿಸುತ್ತಿತ್ತು. ದಪ್ಪ, ಒಂದೇ ಸಮನೆ, ಎಳೆತವಿಲ್ಲದ ಪೆಟ್ಟು. ನಮ್ಮವರ ಕೈ ಹೀಗಲ್ಲವಲ್ಲ ಎಂದು ಅನುಮಾನ ಬಂತು. ಮಿಷನ್ನೇನಾದರೂ ಹೆಚ್ಚು ಕಡಿಮೆ ಆಗಿರಬೇಕು, ಈಗ ನಿಂತು ತಿರುಗಿ ನೋಡಿದರೆ ಮತ್ತೆ ಹಿಂದಿನ ಸಾಲೇ ಗತಿ ಎಂದು ಕುಣಿದೆ. ಪೆಟ್ಟು ಜೋರಾಯಿತು, ನಾನೂ ಜೋರಾದೆ. ಹಾರಿ ಹಾರಿ ಬಿದ್ದೆ. ಕತ್ತಿಯನ್ನು ತಲೆಯ ಮೇಲೆ ತಿರುಗಿಸುತ್ತಾ ಹಿಂದಕ್ಕೆ ಹೊರಳಿದಾಗ ಕಂಡದ್ದು ಇಷ್ಟು: ಒಡಪು ಹೇಳುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತ್ತು. ಮೇಳದ ಹೆಂಗಸರು ಕೈ ಮುಗಿದು ನಿಂತಿದ್ದರು. ಯಜಮಾನರ ಎರಡೂ ಕೋಲು ಕೆಳಗೆ ಇಳಿದಿದ್ದವು.

ನಾನು ನಿಂತೆ. ಅಷ್ಟರಲ್ಲಿ ಜನ ಮೇಲೆ ಬಿದ್ದಿತ್ತು. ಒಬ್ಬಳು ತಂಬಿಗೆಯ ನೀರನ್ನು ನನ್ನ ಕಾಲ ಮೇಲೆ ಸುರಿದಳು, ಅವಳ ಹಿಂದೆ ಇನ್ನೊಬ್ಬಳು. ಎಡಗಾಲ ಡಬ್ಬಿ ಅಲ್ಲಿಗೆ ಸತ್ತಿತು. "ದೇವ್ರಲ್ರೀ, ಯಾರೂ ಬಂದಿಲ್ರೀ, ಮಿಷನ್ ಕೆಟ್ಟೈತಿ, ನನಗ ಕಿವಿ ಕೇಳಂಗಿಲ್ಲ!" ಎಂದು ಕೂಗಿದೆ. ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಗುಡಿಯ ಪೌಳಿಯೇ ನಡುಗುವ ಹಾಗೆ ಅಬ್ಬರಿಸಿದೆನಂತೆ. ಹುಡುಗಿ ಆಮೇಲೆ ಹೇಳಿದಳು. ಅಬ್ಬರಿಸಿದಷ್ಟೂ ಜನ ಬಗ್ಗಿತು. ಗೆಜ್ಜೆ ಸರಿಸಿ ಬಲಗಾಲ ಡಬ್ಬಿಯನ್ನು ಬಿಚ್ಚಿ ಎತ್ತಿ ತೋರಿಸಿದೆ. ಮುದುಕರೊಬ್ಬರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಹುಡುಗಿ ಅದರ ಹಿಂದೆ ಓಡುತ್ತಾ, "ನೀರ್ ಹಾಕಬ್ಯಾಡ್ರಿ, ಅದರಾಗ ಸರ್ಕ್ಯೂಟ್ ಐತ್ರಿ" ಎಂದು ಕೈಮುಗಿದು ಬೇಡಿಕೊಳ್ಳುತ್ತಿದ್ದಳಂತೆ. ನನಗೆ ಕಂಡದ್ದು ಅವಳೂ ಕೈ ಮುಗಿದದ್ದು. ಇವಳಿಗೂ ಏನಾಯಿತಪ್ಪಾ ಎಂದುಕೊಂಡೆ. ಈಗ ನಗು ಬರುತ್ತದೆ. ಆಗ ಕಾಲೊಳಗೂ ಸದ್ದಿಲ್ಲ, ಕಿವಿಯೊಳಗೂ ಸದ್ದಿಲ್ಲ. ಸುತ್ತ ನೂರು ಬಾಯಿ ಅಲುಗಾಡುತ್ತಿದ್ದವು.

ಲಗೇಜ್ ಆಟೋದಲ್ಲಿ ಕೊಟ್ಟೂರಿಗೆ ಬರುವಾಗ ಯಜಮಾನರು ನನ್ನ ಪಕ್ಕ ಕೂರಲಿಲ್ಲ. ಸಮಾಳವನ್ನು ತೊಡೆಯ ಮೇಲಿಟ್ಟುಕೊಂಡು ದೂರ ಕೂತಿದ್ದರು.

ಇವರಿಗಾದರೂ ಸತ್ಯ ತಿಳಿಯಬೇಕಲ್ಲ. ಮನೆಗೆ ಬಂದ ಕೂಡಲೇ ಹುಡುಗಿಯನ್ನು ಕೂರಿಸಿ ಲ್ಯಾಪ್‌ಟಾಪ್ ತೆಗೆಸಿದೆ. ಸಮಾಳದ ಪ್ರತಿ ಪೆಟ್ಟೂ ಅದರಲ್ಲಿ ದಾಖಲಾಗುತ್ತಿತ್ತು. ಗೆರೆ ಎಳೆದು ತೋರಿಸಿದಳು: ಇಲ್ಲಿಯವರೆಗೆ ಕಾಕಾ ಬಾರಿಸಿದ್ದು, ಇಲ್ಲಿ ನಿಲ್ಲಿಸಿದ್ದು, ಆಮೇಲೆ ಒಂದೇ ಸಮನೆ ಬರುವ ಈ ದಿಬ್ಬಗಳು ಡಿಜೆಯವು. "ನೋಡ್ರಿ, ಕಣ್ಣಾರೆ ನೋಡ್ರಿ" ಎಂದೆ. ಅವರು ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಆ ದಿಬ್ಬಗಳ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ, ತುಟಿ ಕಾಣುವ ಹಾಗೆ ನಿಧಾನ ಕೇಳಿದರು.

"ನಾ ಕೈ ಎತ್ತಿದ ಮ್ಯಾಲೂ ಸಮಾಳ ನುಡದೈತಿ ಅಂದಂಗಾತು?"

"ಹೌದ್ರಿ, ಆ ಡಿಜೆ ಪೆಟ್ಟಿಗೆ ಚರ್ಮ ಅದುರೈತಿ, ಅಷ್ಟ."

"ಹಿಂದ ಎಷ್ಟ್ ಮದುವ್ಯಾಗ ಡಿಜೆ ಬಂದಿಲ್ಲ? ಯಾವತ್ತಾರ ನುಡದೈತೇನು? ನೀ ಹೆಜ್ಜಿ ತಪ್ಪೋದಾಕಿ ಅಲ್ಲ. ನಾ ಬಾರಿಸಲಾರದ ಅದು ನುಡೀತು, ನೀ ಕುಣದಿ. ನುಡಿಸ್ದಾತ ಯಾರು?"

ನನ್ನ ಸಾಕ್ಷಿ ಅವರ ಸಾಕ್ಷಿಯಾಗಿತ್ತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು.

ಅಂದೇ ಸಮಾಳ ದೇವರ ಜಗಲಿ ಏರಿತು. ಅದಕ್ಕೆ ಮತ್ತೆ ಸೆನ್ಸರು ಅಂಟಿಸಲು ಅವರು ಬಿಡಲಿಲ್ಲ. ಹುಡುಗಿ ಹೊಸ ಡಬ್ಬಿ ಮಾಡಿಕೊಂಡು ಬಂದಳು. ಬೇರೆ ಸಮಾಳಕ್ಕೆ ಹಚ್ಚುತ್ತೇನೆ ಎಂದಳು. ಆ ಕೈ ಇಲ್ಲದ ಸಮಾಳ ನನಗೆ ಯಾತಕ್ಕೆ? ಆದರೂ ಬೇರೆಯವರು ತಮ್ಮ ಸಮಾಳ ಬಾರಿಸಿಯೂ ನೋಡಿದರು. ದೇವರನ್ನು ಕುಣಿಸಿದ ಪಾಪ ನಮಗೆ ಬೇಡ ಎಂದು ಬಿಟ್ಟು ಹೋದರು. ಮೇಳಕ್ಕೆ ಕರೆ ಬರುತ್ತಿತ್ತು, ನನ್ನನ್ನೂ ಕರೆಯುತ್ತಿದ್ದರು. ಹೋದರೆ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸುತ್ತಿದ್ದರು. ನನ್ನ ಮುಂದೆ ಮೇಳದವರು ಕುಣಿಯುತ್ತಿದ್ದರು. ಹಿಂದಿನ ಸಾಲಾದರೂ ಸಾಲೇ ಅಲ್ಲವೇ, ಅದೂ ಹೋಗಿತ್ತು. ಪ್ರತಿ ಸೋಮವಾರ ಮನೆಯ ಮುಂದೆ ಜನ ಬಂದು ಕೂರತೊಡಗಿದರು. ಕುರಿ ಕಳೆದುಕೊಂಡವರು, ಮಕ್ಕಳಾಗದವರು. ಏನು ಕೇಳುತ್ತಿದ್ದಾರೋ ನನಗೆ ತಿಳಿಯದು. ನನಗೇನೂ ಗೊತ್ತಿಲ್ಲ, ಎದ್ದು ಹೋಗ್ರಿ ಎಂದು ಬೈದು ಕಳಿಸುತ್ತಿದ್ದೆ. ಬೈಸಿಕೊಂಡವರು ಒಳ್ಳೆಯದಾಯಿತು ಎಂದು ಹೋಗುತ್ತಿದ್ದರು.

ನನ್ನನ್ನು ಬೈಯುವವರೇ ಇಲ್ಲವಾದರು. ಅಡುಗೆಗೆ ಉಪ್ಪು ಹೆಚ್ಚಾದರೂ ಯಜಮಾನರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಂದೇ ಹಾಸಿಗೆಯಲ್ಲಿ ಮಲಗುವುದನ್ನೂ ಬಿಟ್ಟರು. ನಾನು ಕೂಗಾಡಿದೆ, ಉಪವಾಸ ಕೂತೆ, ತವರಿಗೆ ಹೋಗುತ್ತೇನೆಂದು ಚೀಲ ಕಟ್ಟಿದೆ. ಎಲ್ಲದಕ್ಕೂ ಅವರು ಅದೇ ಹೆದರಿದ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು. ಕೊನೆಗೆ ಕಾಲು ಹಿಡಿದುಕೊಳ್ಳುವುದೊಂದು ಬಾಕಿ ಇತ್ತು, ಅದನ್ನೂ ಮಾಡಲು ಹೋದೆ. ಅವರು ಹಾವು ತುಳಿದವರ ಹಾಗೆ ಹಿಂದೆ ಸರಿದರು. ಒಂದೇ ಸಲ ಬಾರಿಸ್ರಿ, ಡಬ್ಬಿ ಬೇಡ, ಏನೂ ಬೇಡ, ನಿಮ್ಮ ಕೈ ನೋಡಿಕೊಂಡು ಒಂದು ಸುತ್ತು ಕುಣಿದು ಬಿಡುತ್ತೇನೆ ಎಂದು ಅತ್ತೆ.

ಮರುದಿನ ಬೆಳಿಗ್ಗೆ ಅವರು ತಲೆಗೆ ನೀರು ಹಾಕಿಕೊಂಡು ಬಂದು ಸಮಾಳವನ್ನು ಜಗಲಿಯಿಂದ ಇಳಿಸಿದರು. ಪಡಸಾಲೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ನಿಂತರು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡೂ ಗೆಜ್ಜೆಯನ್ನು ಒಂದೇ ಕಾಲಿಗೆ ಕಟ್ಟಿ, ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಅವರು ಬಾರಿಸಿದರು. ಮಣಿಕಟ್ಟು ನೋಡುತ್ತಾ, ಬೆನ್ನು ತಿರುಗಿಸದೆ, ಎಡವುತ್ತಾ ಕುಣಿದೆ. ಹೆಜ್ಜೆ ತಪ್ಪಿತು, ಮತ್ತೆ ತಪ್ಪಿತು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಆಸೆಯಿಂದ ಮುಖ ನೋಡಿದೆ.

ಅವರು ಕೋಲು ಕೆಳಗಿಟ್ಟು ಕೈ ಮುಗಿದರು. ತುಟಿ ಅಲುಗಿತು. ಅವರ ತುಟಿಯನ್ನು ನಾನು ತಪ್ಪಿಲ್ಲದೆ ಓದುತ್ತೇನೆ.

"ಯಪ್ಪಾ ವೀರಭದ್ರಾ, ನಾ ನಿನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ನನ್ನ ಹೇಣ್ತಿ ಕಿವಿ ಬರ್ತಾವೇನಪಾ?"

ಇಷ್ಟು ದಿನ ಇವರು ಕಾದದ್ದು ಇದಕ್ಕೆ. ನನಗೆ ಕೂಗಬೇಕೆನಿಸಿತು, ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಬರುತ್ತವೆ ಎಂದರೆ ಇನ್ನೊಂದಿಷ್ಟು ವರ್ಷ ಎಣ್ಣೆ ಕಾಯಿಸುತ್ತಾ ಕೂರುತ್ತಾರೆ. ಸುಮ್ಮನಿದ್ದರೆ ನಾಳೆ ಮತ್ತೆ ಕೇಳುತ್ತಾರೆ. ನಾನು ಹೆಂಡತಿಯಾಗಿಯೇ, ಡಾಕ್ಟರು ಬರೆದುಕೊಟ್ಟದ್ದನ್ನೇ ಹೇಳಿದೆ.

"ಬರಂಗಿಲ್ರಿ. ಹೋದವು ಹೋದವು."

ಡಾಕ್ಟರು ಬರೆದು ತೋರಿಸಿದಾಗ ನಂಬಲಿಲ್ಲ, ನಾನು ಸಾವಿರ ಸಲ ಹೇಳಿದಾಗ ನಂಬಲಿಲ್ಲ. ಅಂದು ನಂಬಿದರು. ಮುಖ ಹೇಗೆ ಕುಸಿಯಿತೆಂದರೆ, ಸೊಂಟದಲ್ಲಿ ಸಮಾಳ ಇದೆ ಎಂಬುದನ್ನೂ ಮರೆತು ನೆಲಕ್ಕೆ ಬಿದ್ದು ಅತ್ತರು. ಬಾಯಿ ದೊಡ್ಡದಾಗಿ ತೆರೆದಿತ್ತು. ದನಿ ಎಷ್ಟಿತ್ತೋ ನನಗೆ ಗೊತ್ತಿಲ್ಲ. ಹೆಗಲು ಕೊಡೋಣವೆಂದು ಬಗ್ಗಿದೆ. ಅವರು ನನ್ನ ಎರಡೂ ಕಾಲನ್ನು ಗೆಜ್ಜೆ ಸಮೇತ ಹಿಡಿದುಕೊಂಡು ಹಣೆ ಇಟ್ಟರು.

"ಬಿಡ್ರಿ, ನಾನ್ರೀ, ನಿಮ್ಮ ಹೇಣ್ತಿ" ಎಂದೆ. ಎಷ್ಟು ಜೋರಾಗಿ ಅಂದೆನೋ. ಕಾಲ ಮೇಲಿನ ಹಿಡಿತ ಇನ್ನೂ ಬಿಗಿಯಾಯಿತು.